ಲೈನು ಬದುಕಿದೆಯೇ

ಬೆಳಿಗ್ಗೆ ಎದ್ದರೆ ಹುಲ್ಲಿನ ಮೇಲೆ
ಜರಡಿ ಹಿಡಿದಂಥ ಮಣ್ಣಿನ ಗುಡ್ಡೆ,
ಒಂದು ಮೊರದಷ್ಟು.
ಅಂಬುಜಾಕ್ಷಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಳೆ:
"ಚದರಡಿಗೆ ನಲವತ್ತು ಕೊಟ್ಟು ಹಾಸಿದ್ದು ರೀ ಇದು,
ನೋಡಿ, ಯಾರು ಉತ್ತು ಹೋದರು ಅಂತ."

ನೋಡಿದೆ. ಕುಕ್ಕರುಗಾಲಲ್ಲಿ,
ಮೂವತ್ತೊಂದು ವರ್ಷ ಕೂತ ಹಾಗೆಯೇ.
ಚಿಂತಾಮಣಿ ಎಕ್ಸ್‌ಚೇಂಜಿನ ಕೇಬಲ್ ಜಾಯಿಂಟರ್ ನಾನು.
ಕೈವಾರದ ರಸ್ತೆಯಲ್ಲಿ, ಕನ್ನಂಪಲ್ಲಿ ಕೆರೆ ಏರಿಯ ಪಕ್ಕ,
ಎಲ್ಲಿ ಫೋನು ಸತ್ತರೂ ನನ್ನನ್ನೇ ಕರೆದರು.
ಅಗೆದರೆ ನೂರಕ್ಕೆ ಐವತ್ತು ಸಲ ಸಿಕ್ಕಿದ್ದು
ಕವಚದ ಮೇಲೆ ಜೋಡಿ ಉಳಿಯ ಗುರುತು.
ನನ್ನ ಅರ್ಧ ಸಂಬಳ ಆ ಹಲ್ಲುಗಳದ್ದು.

ಹಾಗಾಗಿ ಹೇಳಿದೆ: ಔಷಧಿ ಆಮೇಲೆ.
ಯಾರೆಂದು ತಿಳಿಯದೆ ಯಾರಿಗೂ ವಿಷ ಇಡಬಾರದು.
ಸಾಬೂದಾನಿಯಂಥ ಉಂಡೆ ಎರೆಹುಳದ್ದು,
ಅದಕ್ಕೆ ಕೈ ಮುಗಿ.
ಗೋಡೆಯಂಚಿಗೆ ಕಿಚಕಿಚ ಓಡುವ ಸುಂಡಿಲಿ
ನಾತ ಬಿಟ್ಟರೆ ಬೇರೇನೂ ಕೆಡಿಸದು,
ಹುಳ ತಿಂದುಕೊಂಡಿರಲಿ.
ತೆರೆದ ಬಾಯಿ, ಸವೆದ ಹೊಸ್ತಿಲು ಇದ್ದರೆ ಹೊಲದ ಇಲಿ.
ಇದು ಬಾಗಿಲು ಹಾಕಿಕೊಂಡಿದೆ,
ಒಳಗಿನಿಂದ, ಹಸಿ ಮಣ್ಣು ಒತ್ತಿ, ಅಗುಳಿ ಜಡಿದಂತೆ.
ಇಷ್ಟು ಮರ್ಯಾದೆಯ ಪ್ರಾಣಿ ಒಂದೇ.

(ಹೆಸರು ಹೇಳಲಿಲ್ಲ. ಅಜ್ಜಿ ಅನ್ನುತ್ತಿದ್ದಳು,
ಬೋನು ಇಡುವ ಮನೆಯಲ್ಲಿ ಅದರ ಹೆಸರೆತ್ತಬಾರದು,
ನೆಲಕ್ಕೆ ಕಿವಿಯಿದೆ.
ನೆಲಕ್ಕೆ ಕಿವಿಯಿರುವುದು
ಜಾಯಿಂಟರನಿಗೆ ಬೇರೆ ಹೇಳಬೇಕೆ?)

ಸಂಜೆ ಏಳು ಬಾಯಿಗಳನ್ನೂ ಮೆಟ್ಟಿ ಮುಚ್ಚಿ
ಪಕ್ಕಕ್ಕೊಂದು ಐಸ್‌ಕ್ರೀಮ್ ಕಡ್ಡಿ ನೆಟ್ಟೆ.
ಬೆಳಿಗ್ಗೆ ಮೂರರಲ್ಲಿ ಮಣ್ಣು ಹೊರಗೆ.
ಆ ಮೂರು ಲೈನು ಬದುಕಿವೆ;
ಉಳಿದ ನಾಲ್ಕು ಬರೀ ಹಳೆಯ ಡಕ್ಟು.

"ಜಿಂಕ್ ಫಾಸ್ಫೈಡ್ ಇಟ್ಟು ಕೈ ತೊಳ್ಕೊಳ್ಳಿ," ಅಂದರು
ಎದುರುಮನೆಯ ಬೀಜದಂಗಡಿ ಫಯಾಜ್.
ಅವರದೇ ಬೆಕ್ಕು ನಮ್ಮ ಕಾಂಪೌಂಡಿನ ಮೇಲೆ ಮಲಗಿತ್ತು,
ಒಂದು ಕಿವಿ ಮಾತ್ರ ಎತ್ತಿ.
ಬೇಡ ಅಂದೆ.

ಬೋನಿನ ಬಾಗಿಲು ದಾರದಲ್ಲಿ ಕಟ್ಟಿ
ಎರಡು ರಾತ್ರಿ ತೆರೆದಿಟ್ಟೆ,
ಒಳಗೆ ಸುಟ್ಟ ಕೊಬ್ಬರಿ, ಕಡಲೆಕಾಯಿ ಎಣ್ಣೆ ಸವರಿದ ಪುರಿ.
ತಿಂದು ಹೋಗಲಿ. ನಂಬಲಿ.
(ಇದನ್ನು ಬರೆಯುವಾಗ ಕೈ ಸ್ವಲ್ಪ ನಿಲ್ಲುತ್ತದೆ.)
ಮೂರನೆಯ ರಾತ್ರಿ ದಾರ ಬಿಚ್ಚಿದೆ.

ಎರಡು ಗಂಟೆಗೆ ಟಪ್ ಅಂತು.
ಟಾರ್ಚು ಬಿಟ್ಟರೆ ಮೈಗೂದಲು ಸೆಟೆಸಿ
ಗುರ್ರೆನ್ನುತ್ತಿದೆ, ಗೇಣುದ್ದದ್ದು,
ಮೂಗಿನ ತುದಿಯಲ್ಲಿ ನಮ್ಮ ಲಾನಿನ ಮಣ್ಣು.

ಅಗೆಯಲು ಬಂದವನು ಯರ್ರಪ್ಪ.
ಕೂಲಿ ಮಾತಾಡಲಿಲ್ಲ:
"ಒಳಗ್ ಸಿಕ್ಕಿದ್ದು ನಂದು ಸಾಮಿ."
ಹಾರೆ ಮೊಳದಾಳ ಇಳಿದು, ಎಡಕ್ಕೆ ತಿರುಗಿ
ಒಂದು ಕೋಣೆಗೆ ಬಿತ್ತು.
ರಾಗಿ ತೆನೆ. ಅಷ್ಟೂ
ತಲೆ ಒಂದೇ ಕಡೆ ಮಾಡಿ ಒಟ್ಟಿದ್ದು.
ನಮ್ಮ ಬೀದಿಯಲ್ಲಿ ರಾಗಿ ಎಲ್ಲಿದೆ?
ಎರಡು ಸೈಟಿನಾಚೆ, ಚರಂಡಿ ದಾಟಿ,
ಮುನಿಲಕ್ಷ್ಮಮ್ಮನ ಅರ್ಧ ಎಕರೆ.
ಅಷ್ಟುದ್ದ ಕೇಬಲ್ ಎಳೆಯಲು ನಮ್ಮ ಇಲಾಖೆಗೆ
ಒಂದು ಟೆಂಡರು, ನಾಲ್ಕು ಜನ, ಹದಿನೈದು ದಿನ.

ಯರ್ರಪ್ಪ ತೆನೆಗಳನ್ನು ಟವೆಲ್ಲಿಗೆ ಬಾಚಿಕೊಂಡ,
ಊದಿ, ಒಂದು ಕಾಳು ಕಚ್ಚಿ, ತಲೆಯಾಡಿಸಿದ.
ಬೋನನ್ನೂ ಸೈಕಲ್ಲಿಗೆ ಕಟ್ಟಿದ.
ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಹುಲ್ಲು ಕೂಡಿಕೊಂಡಿದೆ ಈಗ.
ಅಂಬುಜಾಕ್ಷಿ ಅಲ್ಲೇ ಕುರ್ಚಿ ಹಾಕಿ ಅವರೆಕಾಯಿ ಸುಲಿಯುತ್ತಾಳೆ.
ಒಂದು ಕಡೆ ಮಾತ್ರ ಕಾಲಿಟ್ಟರೆ
ನೆಲ ಒಂದಂಗುಲ ಇಳಿಯುತ್ತದೆ, ಮೆತ್ತಗೆ,
ರಿಸೀವರ್ ಎತ್ತಿಯೂ ಮಾತಾಡದವರ ಉಸಿರಿನಂತೆ.

ದಿನಾ ಹಾಲಿಗೆ ಹೊರಡುವ ಮುಂಚೆ ಒಂದು ಸುತ್ತು.
ಏಳು ಕಡ್ಡಿ, ಏಳೂ ಮುಚ್ಚಿದ ಬಾಯಿ.
ನಿನ್ನೆ, ಸೀಬೆ ಗಿಡದ ಹಿಂದೆ, ಕಡ್ಡಿಯಿಲ್ಲದ ಜಾಗದಲ್ಲಿ
ಒಂದು ಬೊಗಸೆ ಹಸಿ ಮಣ್ಣು.
ಚಪ್ಪಲಿಯಲ್ಲಿ ಹರಡಿ, ಮೇಲೆ ತರಗೆಲೆ ಎಳೆದು
ಒಳಗೆ ಬಂದೆ.

"ಏನಾದರೂ ಇತ್ತೇನ್ರೀ?"
"ಏನಿಲ್ಲ. ಹಾಲಿನ ಪಾತ್ರೆ ಕೊಡು."