ಮೊಣಕಾಲಿನಿಂದ ಕೆಳಗೆ

ನನಗೆ ಬರುವ ಪೋಲಿಷ್ ಎಲ್ಲ ಮೊಣಕಾಲಿನಿಂದ ಕೆಳಗಿನದು.
ಹಿಮ್ಮಡಿ ಗೊತ್ತು, ಅಂಗಾಲು ಗೊತ್ತು,
ಕಿರುಬೆರಳ ಮೇಲಿನ ಆಣಿ ಗೊತ್ತು.
ಹೊಟ್ಟೆಗೇನನ್ನುತ್ತಾರೋ, ಭುಜಕ್ಕೇನೋ, ಬೇಜಾರಿಗೇನೋ,
ಭಾಷೆ ಇನ್ನೂ ಅಷ್ಟೆತ್ತರ ಹತ್ತಿಲ್ಲ.

ಕೋಸ್ತ್ಕಾ ಅಂದರೆ ಕಣಕಾಲಿನ ಗಂಟು.
ಅಂಗಡಿಯಲ್ಲಿ ಸಕ್ಕರೆ ಡಬ್ಬದ ಮೇಲೂ ಅದೇ ಬರೆದಿತ್ತು,
ಚೌಕ ತುಂಡಿಗೂ ಅದೇ ಹೆಸರಂತೆ.
ಆ ದಿನವೆಲ್ಲ ಚಹಾದಲ್ಲಿ
ಯಾರದೋ ಕಾಲಿನ ಗಂಟು ಕದಡಿ ಕುಡಿದೆ.

ಟೊರೂನ್ ಊರಿನ ಹಳೇ ಓಣಿ. ಎಂಟು ಮೆಟ್ಟಿಲು ಇಳಿದರೆ
ನೆಲಮಾಳಿಗೆಯಲ್ಲಿ ವೀತೊಲ್ಡರ ಬೂಟಿನಂಗಡಿ.
ಕುಂಟುವವರ ಅಂಗಡಿಗೆ ಮೆಟ್ಟಿಲು ಯಾಕೆ?
ಕೇಳಬೇಕೆಂದುಕೊಂಡೆ. ಕೇಳುವಷ್ಟು ಮಾತಿರಲಿಲ್ಲ.
ಮೂರನೇ ವಾರ ತಾನಾಗಿ ತಿಳಿಯಿತು:
ಮೇಲೆ ಬಾಗಿಲು ತೆರೆದೊಡನೆ ಅವರು ಉಳಿ ಕೆಳಗಿಡುತ್ತಾರೆ,
ತಲೆ ಎತ್ತದೆ ಕೇಳುತ್ತಾರೆ.
ಟಪ್, ಟಕ್. ಟಪ್, ಟಕ್.
"ಎಡಗಾಲು. ನಾಲ್ಕು ಸೆಂಟಿಮೀಟರ್."
ಬಂದವರು ಆಮೇಲೆ ನಮಸ್ಕಾರ ಹೇಳುತ್ತಾರೆ.

ಗೋಡೆಯ ತುಂಬ ಮರದ ಕಾಲಚ್ಚುಗಳು,
ಜೋಡಿಯಾಗಿ ತೂಗಿದ್ದರೂ ಒಂದಕ್ಕೊಂದು ಹೋಲದವು.
ತೀರಿಕೊಂಡವರದನ್ನೂ ತೆಗೆಯುವುದಿಲ್ಲ.
ಧೂಳು ಒರೆಸುವುದು ನನ್ನ ಪಾಲು.

ನನ್ನ ಹೆಸರು ಜಾಸಿಂಟಾ. ಇಲ್ಲಿ ಯಾತ್ಸಿಂತಾ.
ತಿದ್ದಲು ಹೋಗಿ ಬಿಟ್ಟೆ;
ಬೆಳಿಗ್ಗೆ ಏಳಕ್ಕೆ ಬಸ್ಸಿಗೆ ಓಡುವವಳು ಆ ಯಾತ್ಸಿಂತಾನೇ.
ಹಾಸ್ಟೆಲಿನ ಫ್ರಿಜ್ಜಿನಲ್ಲಿ ಹಾಲಿನ ಮೇಲೆ ಮಾತ್ರ
ಸರಿಯಾದ ಹೆಸರು ಬರೆದಿಡುತ್ತೇನೆ.
ಆದರೂ ಕುಡಿಯುವವನು ಎರ್ದೆಮ್,
ಹೋಟೆಲಿನ ಅಡುಗೆಮನೆಗೆ ಟರ್ಕಿಯಿಂದ ಕಲಿಯಲು ಬಂದವನು.
ರಾತ್ರಿ ಅಂಚು ಸೀದ ಬನ್ನು ತಂದು
ಸಾಲ ತೀರಿತು ಅನ್ನುತ್ತಾನೆ.

ಪ್ರತಿ ಶುಕ್ರವಾರ ಕಾಲೇಜಿಗೆ ಒಂದು ಫಾರ್ಮು:
ಈ ವಾರ ಏನು ಕಲಿತಿರಿ?
ಮೊದಲ ವಾರ: ಗುಡಿಸಿದೆ.
ಎರಡನೆಯದು: ಗುಡಿಸುವುದು ತಪ್ಪೆಂದು ತಿಳಿಯಿತು,
ಮೊದಲು ನೀರು ಚಿಮುಕಿಸಬೇಕು.

ಆಮೇಲೊಂದು ದಿನ ಹಿಂದಿನ ಕೋಣೆಯಲ್ಲಿ ಒಂದು ಕಟ್ಟು.
ಬೆಂಡಿನ ಹಾಳೆಗಳು. ಪಟ್ಟಿಯ ಮೇಲೆ ನಮ್ಮ ಜಿಲ್ಲೆ!
ಮೂಗಿಗೆ ಹಿಡಿದೆ. ವಾಸನೆಯೇನೂ ಇರಲಿಲ್ಲ.
ನಮ್ಮಲ್ಲಿ ತೊಗಟೆ ಸುಲಿದ ಮರಕ್ಕೆ
ಆ ವರ್ಷದ ಕೊನೆಯ ಅಂಕಿ ಬಳಿದು
ಒಂಬತ್ತು ವರ್ಷ ಸುಮ್ಮನೆ ಬಿಡುತ್ತಾರೆ.
ನನಗೆ ಹತ್ತಾದಾಗ ಬೆಲ್ಷಿಯೊರ್ ಮಾವ ಬಳಿದ ಅಂಕಿಯ ಮರಗಳು
ಈ ಬೇಸಿಗೆ ಮತ್ತೆ ಬೆತ್ತಲಾದವು.
"ಇದು ನಮ್ಮೂರಿನದು!" ಕಟ್ಟನ್ನೆತ್ತಿ ಕೂಗಿದೆ.
ವೀತೊಲ್ಡ್ ಕನ್ನಡಕದ ಮೇಲಿಂದ ನೋಡಿದರು.
"ನಿನಗಿಂತ ಮೊದಲೇ ಬಂದಿದೆ. ಕೆಲಸವನ್ನೂ ಕಲಿತಿದೆ."
ಬೋಗುಸ್ವಾವಾ ನಕ್ಕು ಸೌತೆಕಾಯಿ ಸಾರು ಬಡಿಸಿದರು.
ಹುಳಿ ಹುಳಿ, ಬಿಸಿ ಬಿಸಿ.

ಗೆನೊವೆಫಾ ಅವರ ಎಡಬೂಟಿಗೆ ನಾಲ್ಕು ಸೆಂಟಿಮೀಟರ್ ಬೆಂಡು:
ಪದರದ ಮೇಲೆ ಪದರ ಅಂಟಿಸಿ, ಕೆತ್ತಿ, ಉಜ್ಜಿ.
ಮೊದಲ ಸಲ ಇಳಿಜಾರನ್ನೇ ಹಿಂದುಮುಂದಾಗಿ ಕೂರಿಸಿದ್ದೆ.
ಬೈಯಲಿಲ್ಲ. ಕಿತ್ತರು. ಚಾಕುವನ್ನು ಹಿಡಿ ನನ್ನ ಕಡೆಗಿರುವಂತೆ ಚಾಚಿದರು.
ಸಂಜೆಗೆ ನಿಂತು ನಿಂತು ನಾನೇ ಬೆಂಡಾಗಿದ್ದೆ.

ಅವರು ಹಾಕಿಕೊಂಡು ಮೆಟ್ಟಿಲು ಹತ್ತಿದರು.
ಟಪ್. ಟಪ್. ಟಪ್. ಟಪ್.
ಅಂಟಿನ ಡಬ್ಬ ಮುಚ್ಚುವುದನ್ನೂ ಮರೆತು ಕೇಳಿದೆ.
ಫಾರ್ಮಿನಲ್ಲಿ ಆ ವಾರ ಇಡೀ ಪುಟ ತುಂಬಿಸಿದೆ.

ಮಂಗಳವಾರ ಮರಳಿ ಬಂದರು.
ಬಲಸೊಂಟ ನೋಯುತ್ತಂತೆ, ನಿದ್ದೆಯಿಲ್ಲವಂತೆ,
ಹಳೇ ಬೂಟೇ ವಾಸಿಯಂತೆ.
ಅಷ್ಟನ್ನೂ ಅವರು ಕೈಸನ್ನೆಯಲ್ಲಿ ತೋರಿದ್ದು ನನಗೇ.
ವೀತೊಲ್ಡ್ ಬಟ್ಟೆಯಲ್ಲಿ ಕೈ ಒರೆಸಿಕೊಂಡರು.
"ಐವತ್ತು ವರ್ಷ ವಾಲಿಕೊಂಡೇ ನಿಂತವರು.
ಒಂದೂವರೆ ಸೆಂಟಿಮೀಟರ್ ತೆಗೆ. ಚಳಿಗಾಲ ಮುಗಿಯಲಿ,
ಅರ್ಧರ್ಧವಾಗಿ ಸೇರಿಸೋಣ."

ಚಳಿಗಾಲ ಮುಗಿಯುವಷ್ಟರಲ್ಲಿ ನಾನಿಲ್ಲಿರುವುದಿಲ್ಲ.
ಅದನ್ನು ಹೇಳಲು ಬೇಕಾದ ಕ್ರಿಯಾಪದ ನನ್ನಲ್ಲಿಲ್ಲ.
ಬೂಟನ್ನು ತಿರುಗುವ ಕಲ್ಲಿಗೆ ಹಿಡಿದೆ.
ನಮ್ಮೂರ ಮರದ ಪುಡಿ
ಹುಬ್ಬಿಗೆ, ತೋಳಿಗೆ, ಅರ್ಧ ಕುಡಿದಿಟ್ಟ ಸಾರಿಗೆ.