ಬುಗುರಿಯ ಮೇಲೆ ಓಡುವವಳು

ಊಟದ ಮನೆಯ ಗೋಡೆಗೆ ಸರ್ಕಾರದ ಬುಗುರಿ ಅಂಟಿಸಿದವಳು ನಾನೇ,
ಹನ್ನೊಂದು ವರ್ಷದ ಹಿಂದೆ, ನಾಲ್ಕು ಮೂಲೆಗೂ ಟೇಪು ಹಚ್ಚಿ.
ಮೇಲಿನ ಅಗಲದ ಸುತ್ತು ಅನ್ನ, ಅದರಡಿ ತರಕಾರಿ,
ಅದರಡಿ ಮೀನು, ಮೊಟ್ಟೆ, ತೋಫು,
ಮೊನೆಯ ಹತ್ತಿರ ಒಂದಿಷ್ಟು ಹಾಲು, ಒಂದಿಷ್ಟು ಹಣ್ಣು.
ನಡುವಿನ ಕಡ್ಡಿ ನೀರು, ಚಹಾ.
ಸುತ್ತುವ ಹುರಿ ಸಿಹಿತಿಂಡಿ.
ಒಂದು ಹೆಚ್ಚಾದರೆ, ಒಂದು ಕಡಿಮೆಯಾದರೆ
ಬುಗುರಿ ವಾಲುತ್ತದೆ.
ಕೂಸಿಗೂ ಅರ್ಥವಾಗುವ ಚಿತ್ರ.

ಹಾಚಿನೊಹೆ ಬಂದರಿನಿಂದ ಬಂಗುಡೆ ಬಂದ ದಿನವೂ
ಚಿಗುಸಾ ತಟ್ಟೆ ಹಿಡಿದು ಗೋಡೆಯೆದುರು ನಿಲ್ಲುತ್ತಿದ್ದಳು
ಬೆರಳು ಮಡಚುತ್ತ:
ಅನ್ನ ಐದು ಪಾಲು, ಮೀನು ಮೂರು. ಸಾಕು.
‘ನಿಮ್ಮ ಚಾರ್ಟಿನ ಪ್ರಕಾರವೇ, ಕುಮಗಾಯಿ ಸೆನ್ಸೇ.’
ನಾನು ಹಿಗ್ಗಿ ಹೀರೇಕಾಯಿಯಾದೆ.
ಮಕ್ಕಳು ಗೋಡೆ ಓದುವುದು ಅಪರೂಪ.

ಅವಳು ಎಕಿಡೆನ್ ತಂಡದ ಮೂರನೇ ಓಟಗಾರ್ತಿ.
ಬೆಳಿಗ್ಗೆ ಎಂಟು ಕಿಲೋಮೀಟರು, ಸಂಜೆ ಹನ್ನೆರಡು,
ಹಿಮ ಗುಡಿಸಿದ ಕಡಲ ದಾರಿಯಲ್ಲಿ.
ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಫೆಬ್ರವರಿಯಲ್ಲಿ ಮೊಣಕಾಲ ಕೆಳಗಿನ ಮೂಳೆ
ಕೂದಲೆಳೆಯಷ್ಟು ಬಿರಿಯಿತು.
ಡಾಕ್ಟರಮ್ಮ ಮೊದಲು ಕಾಲು ಮುಟ್ಟಲಿಲ್ಲ;
ಕೊನೆಯ ಸಲ ಮುಟ್ಟಾದದ್ದು ಯಾವಾಗ ಎಂದರು.
ಚಿಗುಸಾ ನನ್ನತ್ತ ನೋಡಿದಳು, ಪರೀಕ್ಷೆಯಲ್ಲಿ
ಓದಿರದ ಪ್ರಶ್ನೆ ಬಂದವಳ ಹಾಗೆ.
‘ಬೇಸಿಗೆ ರಜೆಗೂ ಮುಂಚೆ.’
ಹೊರಗೆ ಕೋಚ್ ನಿಶಿಮೋರಿ ಟೋಪಿ ಹಿಂಡುತ್ತಿದ್ದರು.
ಹಗುರಾದರೆ ವೇಗ ಎಂದು ವಾರಕ್ಕೆರಡು ಸಲ
ತೂಕದ ಯಂತ್ರ ಹತ್ತಿಸಿದವರು ಅವರು.
ಬೈಯಲು ಬಾಯಿ ತೆರೆದೆ. ಮುಚ್ಚಿಕೊಂಡೆ.

ಆ ರಾತ್ರಿ ಅಡುಗೆಮನೆಗೆ ಹೋಗಿ ದೀಪ ಹಾಕಿದೆ.
ಚಾರ್ಟಿನದೇನೂ ತಪ್ಪಿಲ್ಲ. ಊರಿಗೆಲ್ಲ ಹೊಲಿದ ಅಂಗಿ ಅದು:
ಅಂಚೆ ಗುಮಾಸ್ತನಿಗೆ ಕೂರುತ್ತದೆ, ನನಗೂ ಕೂರುತ್ತದೆ.
ಮೈಮುರಿದು ದುಡಿಯುವವರಿಗೆ ಇನ್ನೂ ಬೇಕು ಎಂದು
ಕೆಳಗೆ, ಎಡಮೂಲೆಯಲ್ಲಿ, ಇರುವೆ ಸಾಲಿನ ಅಕ್ಷರದಲ್ಲಿ
ಬರೆದೂ ಇತ್ತು.
ಅದರ ಮೇಲೆ ಹಳದಿಗಟ್ಟಿ ಕೂತಿತ್ತು
ನಾನು ಹಚ್ಚಿದ ಟೇಪು.

ಊರುಗೋಲಿನ ಮೇಲೆ ಬಂದವಳು ಮತ್ತೆ ಅಲ್ಲೇ ನಿಂತಳು.
‘ಸೆನ್ಸೇ, ಬುಗುರಿ ನೆತ್ತಿಯ ಮೇಲೆ
ಓಡ್ತಾ ಇದಾಳಲ್ಲ ಒಬ್ಬಳು,
ಅವಳಿಗೆ ಊಟ ಹಾಕೋರು ಯಾರು?’

ಹನ್ನೊಂದು ವರ್ಷ ಅವಳನ್ನು ಅಲಂಕಾರ ಅಂದುಕೊಂಡಿದ್ದೆ.
ಅವಳು ಓಡುವುದರಿಂದಲೇ ಬುಗುರಿ ತಿರುಗುವುದು.

ಈಗ ಸಂಜೆ ಐದೂವರೆಗೆ, ಮೈದಾನದ ಬೇಲಿಯ ಬಳಿ
ಬಿದಿರಿನ ಬುಟ್ಟಿ ಇಟ್ಟುಕೊಂಡು ಕೂರುತ್ತೇನೆ,
ಒಳಗೆ ಉಪ್ಪು ಪ್ಲಮ್ಮಿಟ್ಟ ಅನ್ನದ ಉಂಡೆಗಳು, ಇನ್ನೂ ಬಿಸಿ.
ಆ ಅಕ್ಕಿಗೆ ಯಾವ ಕಾಲಮ್ಮೂ ಇಲ್ಲ;
ರಿಜಿಸ್ಟರಿನಲ್ಲಿ ‘ಇತರೆ’ ಎಂದು ಬರೆಯುತ್ತೇನೆ.
ಕೋಚ್ ಕೂಡ ಒಂದು ತೆಗೆದುಕೊಳ್ಳುತ್ತಾರೆ, ಮಾತಿಲ್ಲದೆ.
ಏಪ್ರಿಲ್ ಮುಗಿಯುವ ಹೊತ್ತಿಗೆ, ಒಂದು ಸುತ್ತು
ನಡೆದೇ ಮುಗಿಸಿದ ಚಿಗುಸಾ
ಎರಡನೆಯದಕ್ಕೆ ಕೈ ಚಾಚಿದಳು.
ಬೆರಳು ಮಡಚಿ ಎಣಿಸಲಿಲ್ಲ.