ಕದ

ಲಿಜುಲುವಿನಲ್ಲಿ ರಸ್ತೆಯೇ ಗಡಿ.
ಈ ಮಗ್ಗುಲು ಮಲಾವಿ, ಆ ಮಗ್ಗುಲು ಮೊಜಾಂಬಿಕ್,
ನಡುವೆ ಒಂದು ಬಿಳಿ ಪಟ್ಟೆ, ಅದೂ ಅರ್ಧ ಅಳಿಸಿದೆ.
ಈಚೆ ಕೂತು ಆಲೂಗಡ್ಡೆ ಮಾರುತ್ತೇನೆ,
ಆಚೆ ಹೋಗಿ ಉಪ್ಪು ತರುತ್ತೇನೆ.
ಕೋಳಿಗಳಿಗಂತೂ ಪಾಸ್‌ಪೋರ್ಟಿನ ಗೊಡವೆಯಿಲ್ಲ.

ನಸುಕಿನ ಮಂಜಿನಲ್ಲಿ ಮತೋಲಾ ಮಗುಚಿತು.
ಮೂಟೆಯ ಮೇಲೆ ಮನುಷ್ಯರು, ಮನುಷ್ಯರ ಮೇಲೆ ಮೂಟೆ,
ಅಂಥ ಪಿಕಪ್ಪಿಗೆ ನಮ್ಮಲ್ಲಿ ಆ ಹೆಸರು.
ಸದ್ದು ದೊಡ್ಡದೇನಲ್ಲ, ಯಾರೋ ಹಂಡೆ ಇಳಿಸಿದ ಹಾಗೆ.
ಆಮೇಲೆ ಆಲೂಗಡ್ಡೆ ಉರುಳುವ ಸದ್ದು,
ತುಂಬಾ ಹೊತ್ತು.

ಮೂರು ದಿನದ ತರಬೇತಿ ನನ್ನದು.
ಶಾಲೆಯ ಹಿಂದೆ, ನೀಲಗಿರಿ ಮರದಡಿ,
ಮುಸುಕಿನ ಜೋಳದ ಹಿಟ್ಟಿನ ಚೀಲವನ್ನೇ ಗಾಯಾಳು ಅಂತ ಮಲಗಿಸಿ
ನರ್ಸ್ ಲಿಂಬಿಕಾನಿ ಹೇಳಿದ್ದ:
ಮೊದಲು ಉಸಿರು ನೋಡು. ರಕ್ತ ಒತ್ತಿ ಹಿಡಿ.
ಕುತ್ತಿಗೆ ಕದಲಿಸಬೇಡ. ತಾಯಾಣೆ, ಜಿಯೋನೆ, ಕದಲಿಸಬೇಡ.
ಕೊನೆಗೆ ಒಂದು ಸರ್ಟಿಫಿಕೇಟು, ಎರಡು ಜೊತೆ ರಬ್ಬರ್ ಗ್ಲೌಸು.
ಒಂದು ಜೊತೆಯನ್ನು ಮಗ ಬಲೂನು ಅಂತ ಊದಿ ಒಡೆದ.

ಬಿದ್ದವರು ಐವರು. ಇಬ್ಬರು ತಾವೇ ಎದ್ದು ಕೂತರು.
ಒಬ್ಬಳು ಒಂಟಿ ಚಪ್ಪಲಿ ಹುಡುಕುತ್ತಲೇ ಇದ್ದಳು.
ಹುಡುಗನ ತೊಡೆಗೆ ನನ್ನ ಚಿತೆಂಜೆ ಬಿಚ್ಚಿ ಬಿಗಿದೆ,
ಹಳದಿ ಮೀನಿನ ಅಚ್ಚಿನ ಬಟ್ಟೆ.
ಮೀನುಗಳು ಒಂದೊಂದಾಗಿ ಮುಳುಗಿದವು.
ಐದನೆಯವನು ಪಟ್ಟೆಯ ಮೇಲೇ ಅಂಗಾತ,
ತಲೆ ಆ ದೇಶದಲ್ಲಿ, ಕಾಲು ಈ ದೇಶದಲ್ಲಿ.
ಕಾಲು ಅಲ್ಲಾಡಿಸು ಅಂದೆ.
"ಅಲ್ಲಾಡಿಸಿದೆನಲ್ಲ" ಅಂದ.

ಅಲ್ಲಾಡಿರಲಿಲ್ಲ.

ಮಂಡಿಯೂರಿ ಅವನ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದೆ.
ಯಾರೋ ನನ್ನ ಕಿವಿಗೆ ಫೋನು ಆನಿಸಿದರು.
"ಗಾಯಾಳು ಯಾವ ಕಡೆ?" ಅಂತು ಜಿಲ್ಲಾಸ್ಪತ್ರೆಯ ದನಿ.
ನಡುವೆ.
"ನಡುವೆ ಅಂದರೆ? ಯಾವ ಕಡೆ ಅಂತ ಬರೆದುಕೊಳ್ಳಲಿ?"
ಕಾಲಿನಿಂದ ಅಳೆದರೆ ಹೆಚ್ಚು ಪಾಲು ನಿಮ್ಮದೇ, ಅಂದೆ.
ಆಮೇಲೆ ದನಿ ತಗ್ಗಿತು:
ಆಂಬುಲೆನ್ಸ್ ಇದೆಯಮ್ಮ, ಡೀಸೆಲ್ ಇಲ್ಲ.

ಅಷ್ಟರಲ್ಲಿ ಇಡೀ ಸಂತೆ ಆಲೂಗಡ್ಡೆ ಆಯುತ್ತಿತ್ತು.
ಬೈಯಬಹುದಿತ್ತು. ಅವನ ಕಿವಿ ನನ್ನ ಕೈಯಲ್ಲೇ ಇತ್ತು, ಬೈಯಲಿಲ್ಲ.
ಅವನ ರೆಪ್ಪೆಯ ಮೇಲೆ ಒಂದು ನೊಣ,
ಊದಿದೆ, ಹೋಯಿತು, ಬಂತು, ಊದಿದೆ.
ಪಕ್ಕದಂಗಡಿಯ ನಸಿಬೆಕೊ ಕೂಡ ಮಡಿಲು ತುಂಬಿಕೊಂಡಿದ್ದಳು.
ನನ್ನ ಕಣ್ಣಿಗೆ ಸಿಕ್ಕಿಬಿದ್ದಳು.
ಮಡಿಲನ್ನು ಅಲ್ಲೇ ಸುರಿದು ಹೋದವಳು
ಬರುವಾಗ ತಲೆಯ ಮೇಲೆ ಮನೆಯ ಕದ ಹೊತ್ತು ಬಂದಳು.
ನೀಲಿ ಕದ. ಚಿಲಕ ಇನ್ನೂ ತೂಗಾಡುತ್ತಿತ್ತು.

ಮರದ ದಿಮ್ಮಿ ಹೊರಳಿಸಿದ ಹಾಗೆ, ಒಂದೇ ಸಲಕ್ಕೆ, ಆರು ಜನ.
ಎಣಿಕೆ ನನ್ನದು: ಮೋಜಿ, ವಿರಿ, ತಾತು.
ಆಚೆಯ ಹುಡುಗ ಶಾಲೆಯಲ್ಲಿ ಕಲಿತ ಪೋರ್ಚುಗೀಸಿನಲ್ಲಿ ಎಣಿಸಿದ.
ಮೂರಕ್ಕೆ ಮೂರು ಕೂಡಿತು, ಕದ ಎದ್ದಿತು.

ಎಲೆಕೋಸಿನ ಲಾರಿಯವನು ಅರ್ಧ ಕೋಸು ರಸ್ತೆಗೆ ಇಳಿಸಿದ.
ಐವತ್ತು ನಿಮಿಷ, ಕೋಸಿನ ಮೇಲೆ ಕದ, ಕದದ ಮೇಲೆ ಅವನು,
ಪ್ರತಿ ಗುಂಡಿಗೂ ನನ್ನ ಮೊಣಕೈ ಮೊದಲೇ ಬಗ್ಗಿಕೊಳ್ಳುತ್ತಿತ್ತು.
ಒಂದೇ ಸಲ ಕೇಳಿದ: ನನ್ನ ಟೋಪಿ ಎಲ್ಲಿ?
ಕದದ ಸಮೇತ ಒಳಗೆ ಒಯ್ದರು,
ನನ್ನನ್ನು ಹೊರಗೆ ನಿಲ್ಲಿಸಿದರು.
ಬೆರಳು ಮಡಚಲು ಬರಲಿಲ್ಲ,
ಗಾಳಿಯಲ್ಲಿ ಇನ್ನೂ ಒಂದು ತಲೆ ಇದ್ದ ಹಾಗೆ.

ಹತ್ತೊಂಬತ್ತು ದಿನ ನಸಿಬೆಕೊಳ ಬಾಗಿಲಿಗೆ ಗೋಣಿಚೀಲ.
ಇಪ್ಪತ್ತನೆಯ ದಿನ ಮಿನಿಬಸ್ಸಿನ ನೆತ್ತಿಯ ಮೇಲೆ ಕದ ಬಂತು,
ಚೆನ್ನಾಗಿ ತೊಳೆದಿದ್ದರು, ಒಂದು ತಿರುಗಣಿ ಇರಲಿಲ್ಲ.
ಆ ಮನುಷ್ಯ? ಅಂದೆ.
ಕಂಡಕ್ಟರು ಭುಜ ಕುಣಿಸಿದ:
ನನ್ನ ಕೈಗೆ ಕೊಟ್ಟದ್ದು ಕದ ಮಾತ್ರ.

ಈಗದು ಒಂಟಿ ತಿರುಗಣಿಯಲ್ಲಿ ನಿಂತಿದೆ,
ತೆರೆದಾಗಲೆಲ್ಲ ಇಡೀ ಸಾಲಿಗೆ ಕೇಳುವಂತೆ ನರಳುತ್ತದೆ.
ನಸಿಬೆಕೊ ಎಣ್ಣೆ ಬಿಟ್ಟಿಲ್ಲ.
ನಾನೂ ಬಿಡು ಅಂದಿಲ್ಲ.